ಐಸ್‌ಲ್ಯಾಂಡಿನಲ್ಲೂ ನನಗೆ ಡಸ್ಟರೇ ಬೇಕಿತ್ತು

ಬಾಡಿಗೆ ಕಾರಿನ ಕೌಂಟರಿನ ಹುಡುಗ ನಗುತ್ತಾ, ನಿಮಗೆ ದೊಡ್ಡ ಗಾಡಿ ಕೊಡ್ತೀವಿ, ಆಟೋಮ್ಯಾಟಿಕ್ಕು, ದುಡ್ಡು ಜಾಸ್ತಿ ಇಲ್ಲ ಅಂದ. ಬುಕ್ ಮಾಡಿದ್ದು ನಾನು, ಲೈಸೆನ್ಸ್ ಕೊಟ್ಟಿದ್ದು ನಾನು, ಆದರೆ ಅವನು ಹೇಳಿದ್ದು ನಮ್ಮ ಯಜಮಾನರ ಮುಖ ನೋಡಿಕೊಂಡು. ಇವರಂತೂ ಆಗಲೇ ತಲೆ ಆಡಿಸಿಯೂ ಆಗಿತ್ತು. "ಬೇಡ, ಡಸ್ಟರ್ ಕೇಳಿದ್ದೀನಿ, ಡಸ್ಟರೇ ಕೊಡಿ" ಅಂದೆ. ಕೆಫ್ಲವಿಕ್ ಏರ್‌ಪೋರ್ಟಿನ ಪಕ್ಕ, ರಾತ್ರಿಯಿಡೀ ನಿದ್ದೆ ಇಲ್ಲದೆ, ಫ್ರೀ ಸಿಗೋ ದೊಡ್ಡ ಗಾಡಿ ಬೇಡ ಅಂತ ಅರ್ಧ ಗಂಟೆ ಜಗಳ ಆಡಿದ ಹೆಂಗಸು ಬಹುಶಃ ನಾನೊಬ್ಬಳೇ ಇರಬೇಕು.

ಅಷ್ಟು ದೂರ ಹೋಗಿ ಮನೇಲಿರೋ ಗಾಡೀನೇ ಓಡಿಸೋದಾ ಅಂತ ನಮ್ಮ ಅತ್ತಿಗೆ ಇವತ್ತಿಗೂ ನಗ್ತಾರೆ. ಹೌದು, ಅದಕ್ಕೇ ಓಡಿಸೋದು.

ನಮ್ಮ ಮನೇಲಿರೋದು 2014ರ ಡಸ್ಟರ್, ನಾಲ್ಕು ಚಕ್ರಕ್ಕೂ ಪವರ್ ಹೋಗುವಂಥದ್ದು. ತೀರ್ಥಹಳ್ಳಿಗೆ ಹೋದಾಗೆಲ್ಲ ಆಗುಂಬೆ ಘಾಟಿ ಹತ್ತಿಸಿ ಇಳಿಸಿದ್ದೀನಿ. ನಮ್ಮಲ್ಲಿ ಅದು ರೆನೋ ಹೆಸರಲ್ಲಿ ಬಂತು, 2012ರಲ್ಲಿ, ಚೆನ್ನೈ ಹತ್ತಿರದ ಒರಗಡಂ ಫ್ಯಾಕ್ಟರಿಯಿಂದ. ಯೂರೋಪಿನಲ್ಲಿ ಅದೇ ಗಾಡಿ ಡಾಸಿಯಾ. ಡಾಸಿಯಾ ರೊಮೇನಿಯಾದ ಕಂಪನಿ, ರೆನೋ ಮನೆತನಕ್ಕೇ ಸೇರಿದ್ದು. ನಮ್ಮಲ್ಲಿ ಆ ಡಸ್ಟರ್ 2022ರಲ್ಲಿ ನಿಂತುಹೋಯ್ತು. ಐಸ್‌ಲ್ಯಾಂಡಿನಲ್ಲಿ ಮಾತ್ರ ಯಾವ ಜಲಪಾತದ ಪಾರ್ಕಿಂಗಿಗೆ ಹೋದರೂ ಹತ್ತಾರು ಡಸ್ಟರ್ ನಿಂತಿರುತ್ತವೆ, ಎಲ್ಲಾ ಬಾಡಿಗೆಯವೇ. ಸ್ಕೋಗಾಫಾಸ್ ಹತ್ತಿರ ಒಂದ್ಸಲ ನಮ್ಮದು ಯಾವುದು ಅಂತ ಗೊತ್ತಾಗದೆ ಬಟನ್ ಒತ್ತುತ್ತಾ ಸುತ್ತಾಡಿದ್ದೀವಿ.

ನಮಗೆ ಸಿಕ್ಕಿದ್ದು ಎರಡನೇ ತಲೆಮಾರಿನದ್ದು. ಡ್ಯಾಶ್‌ಬೋರ್ಡ್ ಬೇರೆ, ಮುಖ ಬೇರೆ. ಆದರೆ ಅದೇ ಒಂದೂವರೆ ಲೀಟರ್ ಡೀಸೆಲ್ ಎಂಜಿನ್, ಅದೇ ಆರು ಗೇರು. ಮೊದಲನೇ ಗೇರು ಅದೇ ಥರ ಗಿಡ್ಡ, ಸಪಾಟು ರಸ್ತೇಲಿ ಎರಡನೇ ಗೇರಲ್ಲೇ ಎತ್ತಬೇಕು. ರಿವರ್ಸ್ ಹಾಕೋಕೆ ಗೇರಿನ ಕತ್ತಿನಲ್ಲಿರೋ ಬಳೆಯನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಬೇಕು. ಕೂತ ತಕ್ಷಣ ಆ ಬಳೆಗೆ ಕೈ ಹಾಕಿದೆ ನೋಡಿ, ಬೇರೆಯವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಮೊದಲ ಸಲಕ್ಕೇ ಸಿಕ್ಕ ಹಾಗಾಯ್ತು.

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದರೆ, ಅಲ್ಲಿ ಬಾಕಿ ಎಲ್ಲವೂ ಉಲ್ಟಾ. ಸ್ಟೀರಿಂಗ್ ಎಡಕ್ಕೆ, ಗೇರು ಬಲಗೈಗೆ, ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. (ಅವರೂ ಮೊದಲು ನಮ್ಮ ಹಾಗೆ ಎಡಕ್ಕೇ ಓಡಿಸ್ತಿದ್ದರಂತೆ, 1968ರ ಮೇ 26ಕ್ಕೆ ಇಡೀ ದೇಶ ಒಂದೇ ದಿನ ಬಲಕ್ಕೆ ಬದಲಾಯ್ತು. ನಮ್ಮಲ್ಲಿ ಹೀಗೆ ಮಾಡಿದರೆ ಅಂತ ಯೋಚಿಸಿ ಸುಮ್ನಾದೆ.) ಮೊದಲ ದಿನ ಗೇರು ಬದಲಿಸೋಣ ಅಂತ ಎಡಗೈ ಹಾಕಿ ಬಾಗಿಲು ತಡಕಿದ್ದು ಎಷ್ಟು ಸಲವೋ. ಇನ್ನೊಂದು ತೊಂದರೆ ಯಾರೂ ಹೇಳೋದಿಲ್ಲ. ನಾವು ಎಡಕ್ಕೆ ಕೂತಾಗ ಗಾಡಿಯ ಬಹುಪಾಲು ನಮ್ಮ ಬಲಕ್ಕಿರುತ್ತೆ, ಅದು ಎಲ್ಲಿಗೆ ಮುಗಿಯುತ್ತೆ ಅಂತ ಅಂದಾಜು ಸಿಗದೆ ಗಾಡಿ ತಾನಾಗೇ ರಸ್ತೆಯ ಅಂಚಿಗೆ ಸರಿಯುತ್ತಾ ಹೋಗುತ್ತೆ. ಅಲ್ಲಿ ದೇಶ ಸುತ್ತುವ ರಿಂಗ್ ರೋಡು ಸುಮಾರು 1,320 ಕಿಲೋಮೀಟರ್, ಹೆಚ್ಚಿನ ಕಡೆ ಹೋಗೋಕೊಂದು ಬರೋಕೊಂದು ಲೇನ್ ಅಷ್ಟೇ, ಎಷ್ಟೋ ಕಡೆ ಅಂಚು ದಾಟಿದರೆ ನೇರ ಇಳಿಜಾರು. ಅಂಥಲ್ಲಿ ಗಾಡಿಯ ಅಗಲ ಮೈಗೆ ಗೊತ್ತಿದ್ದರೆ ಅರ್ಧ ಭಯ ಕಮ್ಮಿ. ದೊಡ್ಡ ಗಾಡಿ ತಗೊಂಡಿದ್ದರೆ ಮೊದಲೆರಡು ದಿನ ನಾನು ಜಲಪಾತ ನೋಡ್ತಿರಲಿಲ್ಲ, ಬಿಳಿ ಗೆರೆ ನೋಡ್ತಿದ್ದೆ.

ಆಟೋಮ್ಯಾಟಿಕ್ ಸುಲಭ ಅಲ್ವಾ ಅಂತ ಇವರ ವಾದ. ಗೇರಿನ ಮಟ್ಟಿಗೆ ಹೌದು. ಕೈ ಪಳಗಿಲ್ಲದವರು ಅದನ್ನೇ ತಗೊಳ್ಳಿ, ನಾನು ಬೇಡ ಅನ್ನಲ್ಲ.

ಈಗ ಬುಕಿಂಗ್ ವಿಷಯ. ಫೋಟೋದಲ್ಲಿ ಡಸ್ಟರ್ ಇರುತ್ತೆ, ಕೆಳಗೆ ಸಣ್ಣಕ್ಷರದಲ್ಲಿ "ಅಥವಾ ಅದೇ ಥರದ ಗಾಡಿ" ಅಂತ ಇರುತ್ತೆ. ಅಂದರೆ ನೀವು ದುಡ್ಡು ಕಟ್ಟಿದ್ದು ಆ ವರ್ಗದ ಗಾಡಿಗೆ, ಡಸ್ಟರಿಗಲ್ಲ. ಡಸ್ಟರೇ ಬೇಕು, ಮ್ಯಾನುಯಲ್ಲೇ ಬೇಕು ಅಂದರೆ ಮೊದಲೇ ಇಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ. ನನ್ನ ಜಗಳ ಗೆದ್ದಿದ್ದು ಆ ಇಮೇಲಿಂದ, ಬಾಯಿಂದ ಅಲ್ಲ. ಆರ್‌ಟಿಓದಲ್ಲಿ ಸಿಗೋ ಇಂಟರ್‌ನ್ಯಾಷನಲ್ ಪರ್ಮಿಟ್ಟನ್ನೂ ಮಾಡಿಸಿಕೊಂಡೇ ಹೋಗಿ, ಒಂದು ವರ್ಷ ನಡೆಯುತ್ತೆ.

ಡಸ್ಟರ್ ಕೈಗೆ ಬಂದ ಮೇಲೆ ಅದು ಎಲ್ಲಿಗಾದರೂ ಹೋಗುತ್ತೆ ಅನ್ನೋ ಧೈರ್ಯ ಬರುತ್ತೆ. ಇದೇ ದೊಡ್ಡ ಮೋಸ. ಅಲ್ಲಿ ಎಫ್ ಅಕ್ಷರದಿಂದ ಶುರುವಾಗೋ ಬೆಟ್ಟದ ರಸ್ತೆಗಳಿವೆ, ಬೇಸಿಗೆಯಲ್ಲಿ ಮಾತ್ರ ತೆರೆಯುತ್ತವೆ, ಫೋರ್ ವೀಲ್ ಡ್ರೈವ್ ಇಲ್ಲದೆ ಹೋಗುವ ಹಾಗಿಲ್ಲ. ಸೆಲ್ಯಾಲಾಂಡ್ಸ್‌ಫಾಸ್ ಜಲಪಾತದ ಪಕ್ಕದಿಂದ ಥೋರ್ಸ್‌ಮೋರ್ಕ್ ಕಣಿವೆ ಕಡೆಗೆ ಅಂಥದೇ ರಸ್ತೆ, ನಡುವೆ ಸೇತುವೆಯೇ ಇಲ್ಲದ ಹೊಳೆಗಳು. ಇವರು ನಾಲ್ಕು ಚಕ್ರದ ಗುಂಡಿ ತಿರುಗಿಸಿ "ನಡೀ ಹೋಗೋಣ" ಅಂದರು. ಮಳೆಗಾಲದಲ್ಲಿ ಹೊಳೆ ನೋಡಿ ಬೆಳೆದವಳು ನಾನು, ನೀರಿನ ಬಣ್ಣ ನೋಡಿದರೆ ಆಳ ಗೊತ್ತಾಗಲ್ಲ ಅಂದರೆ ಕಾಲಿಡಬಾರದು ಅಷ್ಟೇ. ಮೇಲಾಗಿ ಹೊಳೆ ದಾಟುವಾಗ ಗಾಡಿಗೆ ಏನಾದರೂ ಆದರೆ ಇನ್ಶೂರೆನ್ಸ್ ಇಲ್ಲ ಅಂತ ನಮ್ಮ ಕರಾರಲ್ಲೇ ಬರೆದಿತ್ತು. ಆ ಕಣಿವೆಗೆ ದೊಡ್ಡ ಚಕ್ರದ ಬಸ್ಸುಗಳು ಹೋಗುತ್ತವೆ, ಮಾರನೇ ದಿನ ಅದರಲ್ಲೇ ಹೋದೆವು. ಬಸ್ಸಿನ ಕಿಟಕಿಯಿಂದ ಆ ಹೊಳೆಗಳನ್ನು ನೋಡಿದ ಮೇಲೆ ಇವರು ಆ ಮಾತೇ ಎತ್ತಲಿಲ್ಲ.

ಬೋರ್ಡುಗಳಲ್ಲಿ ಎರಡನ್ನು ಬಾಯಿಪಾಠ ಮಾಡಿಕೊಳ್ಳಿ. "ಐನ್‌ಬ್ರೇದ್ ಬ್ರೂ" ಅಂದರೆ ಒಂದೇ ಗಾಡಿ ಹಿಡಿಸೋ ಸೇತುವೆ, ಮೊದಲು ಹತ್ತಿರ ಬಂದವರು ದಾಟುತ್ತಾರೆ, ಇನ್ನೊಬ್ಬರು ನಿಲ್ಲುತ್ತಾರೆ, ಹಾರ್ನ್ ಗೀರ್ನ್ ಏನೂ ಇಲ್ಲ. "ಮಾಲ್ಬಿಕ್ ಎಂಡರ್" ಅಂದರೆ ಟಾರು ಮುಗೀತು, ಮುಂದೆ ಜಲ್ಲಿ. ಟಾರಿನ ಮೇಲೆ 90ರಲ್ಲಿ ಬಂದು ಹಾಗೇ ಜಲ್ಲಿಗೆ ಇಳಿದರೆ ಗಾಡಿ ಜಾರುತ್ತೆ, ಮೊದಲೇ ನಿಧಾನ ಮಾಡಿಕೊಳ್ಳಬೇಕು. ಎರಡು ಲೇನಿನ ಸರ್ಕಲ್ಲಲ್ಲಿ ಒಳಗಿನ ಲೇನಿನವರು ಹೊರಗೆ ಬರುವಾಗ ಹೊರಗಿನವರೇ ದಾರಿ ಬಿಡಬೇಕು. ಇದು ಗೊತ್ತಿಲ್ಲದೆ ರೇಕ್ಯಾವಿಕ್‌ನಲ್ಲಿ ಒಬ್ಬ ಅಜ್ಜನ ಕೈಲಿ ಬೈಸಿಕೊಂಡೆ, ಭಾಷೆ ಗೊತ್ತಾಗದಿದ್ದರೂ ಬೈಗುಳ ಗೊತ್ತಾಯ್ತು.

ಇಷ್ಟೆಲ್ಲ ಹುಷಾರಾಗಿದ್ದೂ ದಂಡ ತೆತ್ತಿದ್ದು ಎಲ್ಲಿ ಗೊತ್ತಾ? ನಿಂತ ಗಾಡಿಯಲ್ಲಿ. ಯೋಕುಲ್ಸಾರ್ಲೋನ್ ಅನ್ನೋ ನೀರ್ಗಲ್ಲಿನ ಸರೋವರದ ಪಾರ್ಕಿಂಗ್. ಗಾಳಿ ಹಿಂದಿನಿಂದ ಬೀಸ್ತಿತ್ತು. ಇವರು ಕ್ಯಾಮೆರಾ ಹಿಡ್ಕೊಂಡು ಒಂದೇ ಕೈಯಲ್ಲಿ ಬಾಗಿಲು ತೆಗೆದರು. ಗಾಳಿ ಬಾಗಿಲನ್ನು ಕಿತ್ತುಕೊಂಡ ಹಾಗೆ ಮುಂದಕ್ಕೆ ತಳ್ಳಿತು, ಲಟಕ್ ಅಂತ ಸದ್ದು, ಆಮೇಲೆ ಬಾಗಿಲು ಸರಿಯಾಗಿ ಮುಚ್ಚಲೇ ಇಲ್ಲ. ಜಲ್ಲಿಗೆ, ಮರಳಿಗೆ, ಜ್ವಾಲಾಮುಖಿಯ ಬೂದಿಗೆ ಅಂತ ಬೇರೆ ಬೇರೆ ಇನ್ಶೂರೆನ್ಸ್ ತಗೊಂಡಿದ್ದೆ. ಗಾಳಿಗೆ ಮುರಿದ ಬಾಗಿಲು ಯಾವುದರಲ್ಲೂ ಬರಲಿಲ್ಲ. ವಾಪಸ್ ಕೊಡುವಾಗ ನಮ್ಮ ಲೆಕ್ಕದಲ್ಲಿ 70 ಸಾವಿರ ಚಿಲ್ಲರೆ ಕಾರ್ಡಿನಿಂದ ಹೋಯ್ತು.

ಅಲ್ಲಿಯವರು ಗಾಳಿಗೆ ಮೂತಿ ಕೊಟ್ಟು ಗಾಡಿ ನಿಲ್ಲಿಸ್ತಾರೆ, ಎರಡೂ ಕೈಯಲ್ಲಿ ಬಾಗಿಲು ಹಿಡಿದು ಇಳೀತಾರೆ. ಆಮೇಲೆ ನೋಡಿ ಕಲಿತಿದ್ದು.

"ದೊಡ್ಡ ಗಾಡಿ ತಗೊಂಡಿದ್ದರೆ ಬಾಗಿಲು ಗಟ್ಟಿ ಇರ್ತಿತ್ತು" ಅಂತ ಇವರು ಇನ್ನೂ ಹೇಳ್ತಾರೆ. ದೊಡ್ಡ ಬಾಗಿಲಾಗಿದ್ದರೆ ಬಿಲ್ಲೂ ದೊಡ್ಡದೇ ಬರ್ತಿತ್ತು ರೀ ಅಂತ ನಾನೂ ಬಿಟ್ಟಿಲ್ಲ.