ಊರೊಳಗೆ ಏನಿದೆ ಅಂತ ಕೇಳಿದರೆ

ಅಹಮದಾಬಾದಿಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿನ ಹಳೇ ಪೇಟೆಯನ್ನು ನಡೆದು ನೋಡಿದ್ದು ಮಾತ್ರ ಹೋದ ಚಳಿಗಾಲದಲ್ಲಿ, ನಗರಪಾಲಿಕೆ ನಡೆಸುವ ನಡಿಗೆಯಲ್ಲಿ. ಬೆಳಿಗ್ಗೆ ಕಾಲುಪುರದ ಸ್ವಾಮಿನಾರಾಯಣ ದೇವಸ್ಥಾನದ ಹತ್ತಿರ ಎಲ್ಲರೂ ಸೇರಬೇಕು. ಅಲ್ಲಿಂದ ಗಲ್ಲಿ ಗಲ್ಲಿ ಸುತ್ತಿ ಜಾಮಾ ಮಸೀದಿಗೆ ಬಂದು ನಿಲ್ಲುತ್ತೇವೆ. ನಡುವೆ ಚಹಾ ಕುಡಿಯುವಾಗ ನಮ್ಮನ್ನು ಕರೆದೊಯ್ಯುತ್ತಿದ್ದ ಹುಡುಗ ಕೇಳಿದ, ನಿಮ್ಮದು ಯಾವ ಊರು ಅಂತ. ಶಿವಮೊಗ್ಗ ಅಂದೆ. ಅಲ್ಲಿ ನೋಡೋದಕ್ಕೆ ಏನಿದೆ? ಜೋಗ, ಆಗುಂಬೆ, ಸಕ್ರೆಬೈಲು ಅಂತ ಒಂದೇ ಉಸಿರಿಗೆ ಹೇಳಿದೆ. ಜೋಗ ಎಷ್ಟು ದೂರ? ನೂರು ಕಿಲೋಮೀಟರ್.

"ಅದಲ್ಲ ಸರ್, ಊರೊಳಗೆ?"

ನನಗೆ ಮಾತೇ ಹೊರಡಲಿಲ್ಲ. ಹುಟ್ಟಿ ಬೆಳೆದ ಊರು ಅದು.

ಆ ಹುಡುಗ ತೋರಿಸಿದ್ದೆಲ್ಲ ದೊಡ್ಡ ದೊಡ್ಡ ವಸ್ತುಗಳೇನಲ್ಲ. ಒಂದು ಪೋಳ್‌ನ, ಅಂದರೆ ಇಲ್ಲಿನ ಹಳೇ ಕೇರಿಯ, ಬಾಗಿಲು. ಹಕ್ಕಿಗಳಿಗೆ ಕಾಳು ಹಾಕುವ ಚಬೂತರೋ ಕಂಬ. ಲಂಬೇಶ್ವರ ಪೋಳ್‌ನಲ್ಲಿ ಕವಿ ದಲಪತರಾಮರ ಮನೆ ಇದ್ದ ಜಾಗ. ಮನೆ ಉಳಿದಿಲ್ಲ. ಮುಂಭಾಗವನ್ನಷ್ಟೇ ಮತ್ತೆ ಕಟ್ಟಿ, ಕವಿ ಮನೆ ಮುಂದೆ ಕೂತ ಹಾಗೆ ವಿಗ್ರಹ ಇಟ್ಟಿದ್ದಾರೆ. ನಾವು ಹೋದಾಗ ಪಕ್ಕದ ಮನೆಯ ಮಗುವೊಂದು ಕವಿಯ ಮೊಣಕಾಲಿಗೆ ಒರಗಿ ಬಿಸ್ಕತ್ತು ತಿನ್ನುತ್ತಿತ್ತು.

ಯುನೆಸ್ಕೋ ಈ ಪೇಟೆಯನ್ನು ವಿಶ್ವ ಪರಂಪರೆಯ ನಗರ ಅಂದಿದ್ದು 2017ರಲ್ಲಿ. ಭಾರತಕ್ಕೇ ಮೊದಲನೆಯದು. ಆದರೆ ನಗರಪಾಲಿಕೆ ಈ ನಡಿಗೆ ಶುರು ಮಾಡಿದ್ದು 1997ರಲ್ಲೇ. ಬಿರುದು ಬರಲಿ, ಆಮೇಲೆ ತೋರಿಸೋಣ ಅಂತ ಇವರು ಕಾಯಲಿಲ್ಲ, ಅಲ್ವಾ?

ಜುಲೈಯಲ್ಲಿ ಊರಿಗೆ ಹೋದೆ. ಊರು ಸುತ್ತಿ ಬರ್ತೀನಿ ಅಂದಾಗ ದೊಡ್ಡಪ್ಪ ಅಂದರು, "ನಡೆದು ನೋಡೋಕೆ ಎಂತ ಇದೆ ಮಾರಾಯ ಇಲ್ಲಿ? ಸಿಗಂದೂರಿಗೆ ಹೋಗಿ ಬಾ, ಕಾರು ಹೇಳ್ತೇನೆ." ನಮ್ಮಲ್ಲಿ ಯಾರೇ ನೆಂಟರು ಬರಲಿ, ಇದೇ ಮಾತು. ತಿಂಡಿ ಆಯ್ತಾ, ಕಾರು ಹತ್ತಿಸು. ಶಿವಮೊಗ್ಗ ಅಂದರೆ ರಾತ್ರಿ ಮಲಗಿ ಎದ್ದು ಹೋಗುವ ಜಾಗ ಅಷ್ಟೇ.

ಛತ್ರಿ ಹಿಡಿದು ಹೊರಟೆ. ಗಾಂಧಿ ಬಜಾರಿನಿಂದ ಕೋಟೆಗೆ, ಮಾರಮ್ಮನಿಗೆ ಕೈ ಮುಗಿದು, ಆಂಜನೇಯನ ದರ್ಶನ ಮಾಡಿ ಅರಮನೆಗೆ. ಎಲ್ಲಾ ನಡೆಯುವ ದೂರವೇ. ಅರಮನೆಯ ಹೆಸರು ಶಿವಪ್ಪ ನಾಯಕನದು. ಕಟ್ಟಡ ಆಮೇಲೆ ಹೈದರಾಲಿ ಕಾಲದ್ದು ಅಂತ ತಿಳಿದವರು ಹೇಳುತ್ತಾರೆ. ಒಳಗೆ ಮರದ ದಪ್ಪ ಕಂಬಗಳು. ಹೊರಗೆ ಸಾಲಾಗಿ ವೀರಗಲ್ಲುಗಳು, ಮಳೆಗೆ ತೊಳೆದು ಕಪ್ಪಗೆ ಹೊಳೆಯುತ್ತಿದ್ದವು.

ಒಬ್ಬ ಪುಟ್ಟ ಹುಡುಗ ಒಂದು ಕಲ್ಲಿನ ಮುಂದೆ ನಿಂತು "ಇದೇನಮ್ಮಾ?" ಅಂದ. "ದೇವರು, ನಮಸ್ಕಾರ ಮಾಡು" ಅಂದಳು ತಾಯಿ. ನನಗೆ ತಡೆಯಲಿಲ್ಲ. ಕೂತು ತೋರಿಸಿದೆ. ಕೆಳಗಿನ ಸಾಲಲ್ಲಿ ನೋಡು, ಇವನು ಕತ್ತಿ ಹಿಡಿದು ಹೋರಾಡ್ತಾ ಇದ್ದಾನೆ. ಮಧ್ಯದಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗ್ತಾ ಇದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ಹುಡುಗ ಒಂದೊಂದೇ ಸಾಲನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಪಕ್ಕದ ಕಲ್ಲಿಗೆ ಓಡಿ, "ಇಲ್ಲೂ ಇದೆ!" ಅಂತ ಕೂಗಿದ.

ಇಷ್ಟು ಹೇಳೋಕೆ ಒಬ್ಬರು ಸಾಕಿತ್ತು. ಹೊಲಗದ್ದೆಯ ಮಣ್ಣು, ಇಳುವರಿ ನೋಡಿ ಕಂದಾಯ ಕಟ್ಟಿದ ದೊರೆ ಶಿವಪ್ಪ ನಾಯಕ. 'ಶಿಸ್ತು' ಅನ್ನುವ ಅವನ ಆ ಕಂದಾಯ ಪದ್ಧತಿಯ ಕಥೆಯನ್ನು ಆ ಕಂಬಗಳ ಕೆಳಗೆ ನಿಂತು ಹೇಳಿದರೆ ಯಾವ ಮಗು ಕೇಳಲ್ಲ? ನಮಗೆ ಮಾತ್ರ ಬೆಟ್ಟ, ಜಲಪಾತ ಬಿಟ್ಟರೆ ಬೇರೆ ಯಾವುದೂ ತೋರಿಸುವಂಥದ್ದು ಅನ್ನಿಸುವುದೇ ಇಲ್ಲ. ಇದು ನನಗೆ ನಿಜಕ್ಕೂ ಸಂಕಟ.

ಅಹಮದಾಬಾದಿನಲ್ಲೂ ಎಲ್ಲಾ ಸರಿಯಿಲ್ಲ, ಹೇಳಬೇಕು. ಎಷ್ಟೋ ಪೋಳ್ ಮನೆಗಳಿಗೆ ಬೀಗ. ಜನ ಸಾಬರಮತಿಯ ಆಚೆ ದಡಕ್ಕೆ ಹೋಗಿಬಿಟ್ಟಿದ್ದಾರೆ. ಆವತ್ತು ನನ್ನ ಜೊತೆ ನಡೆದವರಲ್ಲಿ ಹೊರಗಿನವರೇ ಜಾಸ್ತಿ. ಇಲ್ಲೇ ಹುಟ್ಟಿದ ನನ್ನ ಪಕ್ಕದ ಮನೆಯವರು ಒಂದು ಸಲವೂ ಆ ನಡಿಗೆಗೆ ಹೋಗಿಲ್ಲ.

ಆ ದಿನ ಸಂಜೆ ಮನೆಗೆ ಬಂದರೆ ದೊಡ್ಡಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಗಾಜನೂರು ಡ್ಯಾಮಿನಿಂದ ನೀರು ಬಿಟ್ಟಿದ್ದಾರಂತೆ. ನಡಿ, ಹೊಳೆಯಲ್ಲಿರೋ ಮಂಟಪ ಮುಳುಗ್ತಾ ನೋಡ್ಕೊಂಡು ಬರೋಣ." ಕೋರ್ಪಲಯ್ಯನ ಛತ್ರದ ಹತ್ತಿರ ಆಗಲೇ ಅರ್ಧ ಊರು ಸೇರಿತ್ತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಅರಿಶಿನ ಕುಂಕುಮ ತಂದವರು. ತುಂಗೆ ಕೆಂಪಗೆ, ದಡ ಮುಟ್ಟಿ ಹರಿಯುತ್ತಿದ್ದಳು. ದೊಡ್ಡಪ್ಪ ಪಕ್ಕದಲ್ಲಿದ್ದ ಯಾರದೋ ಮಕ್ಕಳಿಗೆ ಹೇಳತೊಡಗಿದರು, ತಾವು ಚಿಕ್ಕವರಿದ್ದಾಗ ನೀರು ಯಾವ ಮೆಟ್ಟಿಲವರೆಗೆ ಬಂದಿತ್ತು, ಯಾರ ಮನೆಗೆ ನುಗ್ಗಿತ್ತು ಅಂತ. ಛತ್ರಿ ನನ್ನ ಕೈಗೆ ಕೊಟ್ಟು ಬೆರಳು ಚಾಚಿದರು.

"ಅಗೋ, ಅಲ್ಲಿ ನೋಡ್ರೋ. ತುದಿ ಮಾತ್ರ ಕಾಣ್ತಾ ಇದೆ."