ಸಪ್ತಾಪುರದ ರೂಮಿನಲ್ಲಿ ಒಂದು ರಾತ್ರಿ

ಈ ಜನವರಿಯಲ್ಲಿ ಮೆಲ್ಬರ್ನ್‌ನಿಂದ ಊರಿಗೆ ಬಂದಾಗ ಒಂದು ರಾತ್ರಿ ಧಾರವಾಡದ ಸಪ್ತಾಪುರದಲ್ಲಿ, ಅಕ್ಕನ ಮಗನ ರೂಮಿನಲ್ಲಿ ಉಳಿದುಕೊಂಡೆ. ಅಕ್ಕನ ಮನೆ ಗದಗದಲ್ಲಿ. ಅಳಿಯನಿಗೆ 24 ವರ್ಷ. ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಮೂರು ವರ್ಷದಿಂದ ಓದುತ್ತಿದ್ದಾನೆ. ಸಣ್ಣ ರೂಮು, ಮೂವರು ಹುಡುಗರು. ರಾತ್ರಿ ಎರಡಕ್ಕೆ ನನಗೆ ಎಚ್ಚರವಾಯಿತು. ಮೂವರ ಮುಖದ ಮೇಲೂ ಮೊಬೈಲ್ ಬೆಳಕು. ಒಬ್ಬರೂ ಮಾತಾಡುತ್ತಿಲ್ಲ.

"ಯಾಕೋ ತಮ್ಮಾ, ನಿದ್ದಿ ಬರವಲ್ದೇನು?" ಎಂದೆ.

"ಹಂಗೇನಿಲ್ಲ ಮಾಮಾ, ಸುಮ್ನ ನೋಡಾಕತ್ತೀನಿ."

ಬೆಳಿಗ್ಗೆ ಕೆಲಗೇರಿ ಕೆರೆ ದಂಡೆಯ ಮೇಲೆ ಅಡ್ಡಾಡುವಾಗ ಬಾಯಿ ಬಿಟ್ಟ. ಅವನು ನೋಡುತ್ತಿದ್ದದ್ದು ಸನ್ಮಾನದ ರೀಲ್ಸ್. ಯಾರೋ ಆಯ್ಕೆಯಾಗಿದ್ದಾರೆ. ಹಾರ, ಶಾಲು, ತೆರೆದ ಜೀಪು, ಹಿಂದೆ ಡೊಳ್ಳು. ಒಂದು ನೋಡಿದರೆ ಅಂಥದ್ದೇ ಇನ್ನೊಂದು ಬರುತ್ತದೆ. "ಎಲ್ಲಾರೂ ಮುಂದ ಹೋಗ್ಯಾರ ಮಾಮಾ, ನಾ ಒಬ್ಬನ ಉಳದೀನಿ ಅನಸ್ತೈತಿ" ಎಂದ. ಆಯ್ಕೆಯಾಗದ ಸಾವಿರಾರು ಹುಡುಗರು ಅದೇ ಊರಿನ ರೂಮುಗಳಲ್ಲಿದ್ದಾರೆ. ಅವರು ಯಾರೂ ರೀಲ್ಸ್ ಹಾಕುವುದಿಲ್ಲ. ಹಾಗಾಗಿ ಇವನಿಗೆ ಅವರು ಕಾಣುವುದೂ ಇಲ್ಲ.

ಅಕ್ಕನದು ಒಂದೇ ಮಾತು: "ಮೊಬೈಲ್ ಹಿಡದು ಹಾಳಾಗ್ಯಾನ." ಹಾವೇರಿ, ಗದಗ, ಹುಬ್ಬಳ್ಳಿ, ಯಾರ ಮನೆಗೆ ಹೋದರೂ ಇದೇ ಮಾತು ಕೇಳಿದೆ. ಆದರೆ ಪಾಠ ಬರುವುದು ಯೂಟ್ಯೂಬಿನಲ್ಲಿ. ನೋಟ್ಸ್, ಕೀ ಉತ್ತರ ಎಲ್ಲ ಟೆಲಿಗ್ರಾಮ್‌ನಲ್ಲಿ. ಅವನ ಕ್ಲಾಸ್ ನಡೆಯುವುದೇ ಮೊಬೈಲಿನೊಳಗೆ. ಅದನ್ನು ಬಿಟ್ಟುಬಿಡು ಅಂದರೆ ಅವನು ಎಲ್ಲಿಗೆ ಹೋಗಬೇಕು?

ನಾನಿರುವ ದೇಶದಲ್ಲಿ ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದರು. 2024ರಲ್ಲಿ ಆಸ್ಟ್ರೇಲಿಯಾ ಒಂದು ಕಾನೂನು ಮಾಡಿತು. 2025ರ ಡಿಸೆಂಬರ್ 10ರಿಂದ ಅದು ಜಾರಿಯಲ್ಲಿದೆ. 16 ತುಂಬದವರಿಗೆ ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಮುಂತಾದವುಗಳಲ್ಲಿ ಖಾತೆ ಇರುವಂತಿಲ್ಲ. ವಾಟ್ಸಾಪಿಗೆ ಇದು ಅನ್ವಯಿಸುವುದಿಲ್ಲ. ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದು. ತಪ್ಪಿದರೆ ದಂಡ ಮಗುವಿಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ತಪ್ಪು ಎಲ್ಲಿದೆ ಅಂತ ಆ ಕಾನೂನು ನೇರವಾಗಿ ಹೇಳಿತು. ನಾವು ಅದನ್ನು ಪೂರ್ತಿ ಹುಡುಗರ ತಲೆಗೆ ಕಟ್ಟುತ್ತೇವೆ. ಪೇಪರಿಗೆ ಕೊನೆಯ ಪುಟ ಇರುತ್ತದೆ. ಓದಿ ಮುಗಿಸಿ ಮಡಚಿಡುತ್ತೇವೆ. ರೀಲ್ಸ್‌ಗೆ ಕೊನೆಯೇ ಇಲ್ಲದ ಹಾಗೆ ಬೇಕೆಂದೇ ಮಾಡಿದ್ದಾರೆ. ದೊಡ್ಡ ದೊಡ್ಡ ಎಂಜಿನಿಯರ್‌ಗಳು ಕೂತು ಮಾಡಿದ ಏರ್ಪಾಡಿನ ಮುಂದೆ, ರಾತ್ರಿ ಎರಡಕ್ಕೆ ಮನಸ್ಸು ಸೋತು ಮಲಗಿದ ಹುಡುಗನಿಗೆ ಗಟ್ಟಿತನ ಇಲ್ಲ ಅನ್ನುವುದು ಅನ್ಯಾಯ ಅಲ್ವಾ?

ಕಾನೂನಿನಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ನನ್ನ ಮಗಳಿಗೆ 14. ಖಾತೆ ಹೋದ ಮೇಲೆ ಎರಡು ವಾರ ಮಂಕಾಗಿದ್ದಳು. ಸಂಜೆಯಾದರೆ ನಮ್ಮ ಬೀದಿಯಲ್ಲಿ ಯಾರೂ ಇರುವುದಿಲ್ಲ. ಗೆಳತಿಯ ಮನೆಗೆ ಹೋಗಬೇಕೆಂದರೆ ಒಂದು ವಾರ ಮೊದಲೇ ಕೇಳಬೇಕು. ಅದೇ ಹುಡುಗಿ ಗದಗಿನಲ್ಲಿ ಅಕ್ಕನ ಮನೆ ಕಟ್ಟೆಯ ಮೇಲೆ ಓಣಿ ಮಕ್ಕಳ ಜೊತೆ ಕೂತು, ಗಿರ್ಮಿಟ್ ತಿಂದು, ವೀರನಾರಾಯಣ ಗುಡಿಗೆ ಹೋಗಿಬಂದು ಒಂಬತ್ತಕ್ಕೆಲ್ಲ ನಿದ್ದೆ ಹೋಗುತ್ತಿದ್ದಳು. ಮೊಬೈಲ್ ಎಲ್ಲಿದೆ ಅಂತ ನಾನೇ ಹುಡುಕಬೇಕಾಯಿತು. ಈ ಕಟ್ಟೆಯನ್ನು ಯಾವ ಸರ್ಕಾರವೂ ಕಾನೂನು ಮಾಡಿ ಕೊಡಲಾರದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ಸಂಜೆ 7ಕ್ಕೆ ಸೈರನ್ ಹಾಕಿ, ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್ ಮಾಡುವ ಪದ್ಧತಿ ಶುರು ಮಾಡಿದರು. ದೊಡ್ಡವರೂ ಸೇರಿ. ಇದು ನಮ್ಮ ಓಣಿಗಳಲ್ಲೂ ಆಗುವಂಥದ್ದು.

ಆದರೆ ನಮ್ಮ ಕಟ್ಟೆಯ ಮೇಲೆ ಒಂದು ಮಾತಿಗೆ ಜಾಗ ಇಲ್ಲ. "ನನಗ ಮನಸ್ಸಿಗೆ ಸರಿ ಇಲ್ಲ" ಅಂದರೆ, "ಎಲ್ಲಾ ಸರಿ ಹೋಗ್ತೈತಿ, ದೇವರಿಗೆ ಕಾಯಿ ಒಡಸು" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರುವಾದ ಹೆಡ್‌ಸ್ಪೇಸ್ ಎಂಬ ಸಂಸ್ಥೆಯ ಕೇಂದ್ರಗಳಿವೆ, ಹುಡುಗ ಹುಡುಗಿಯರ ಮನಸ್ಸಿನ ಆರೋಗ್ಯ ನೋಡಿಕೊಳ್ಳಲು. 12ರಿಂದ 25ರ ವಯಸ್ಸಿನವರು ಹಲ್ಲು ನೋವಿಗೆ ಹೋದ ಹಾಗೆ ಅಲ್ಲಿಗೆ ಹೋಗುತ್ತಾರೆ. ಧಾರವಾಡದಲ್ಲಿ ಏನೂ ಇಲ್ಲ ಅನ್ನುವ ಹಾಗಿಲ್ಲ. 1845ರಷ್ಟು ಹಿಂದೆ ಶುರುವಾದ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಆಗಿದೆ. ಅಳಿಯನ ರೂಮಿನಿಂದ ದೂರವೂ ಅಲ್ಲ. ಆದರೆ ನಾವು ಚಿಕ್ಕವರಿದ್ದಾಗಿನಿಂದ ಅದನ್ನು ಕರೆಯುತ್ತಾ ಬಂದದ್ದು ಹುಚ್ಚರ ಆಸ್ಪತ್ರೆ ಅಂತ. ನಾನೂ ಹಾಗೇ ಕರೆದವನು. ಆ ಹೆಸರು ಕೇಳಿ ಬೆಳೆದ ಹುಡುಗ, ನಿದ್ದೆ ಬರುತ್ತಿಲ್ಲ ಅಂತ ಆ ಗೇಟಿನೊಳಗೆ ಕಾಲಿಡುತ್ತಾನೆಯೇ?

ಅಳಿಯನಿಗೆ ನಾನು ಹೇಳಿದ್ದು ಸ್ವಲ್ಪವೇ. ಟೆಲಿಗ್ರಾಮ್‌ನಲ್ಲಿ ಓದಿಗೆ ಬೇಕಾದ ಎರಡು ಚಾನೆಲ್ ಇಟ್ಟುಕೊಂಡು ಉಳಿದದ್ದು ತೆಗೆ. ಸನ್ಮಾನದ ಪೇಜುಗಳನ್ನು ಫಾಲೋ ಮಾಡುವುದು ಬಿಡು. ಅಲಾರಂ ಸಲುವಾಗಿ ಮೊಬೈಲ್ ತಲೆದಿಂಬಿನ ಹತ್ತಿರ ಬೇಕು ಎಂದ. ಸುಭಾಷ್ ರಸ್ತೆಗೆ ಹೋಗಿ ಒಂದು ಗಡಿಯಾರ ತಂದೆವು. ಈಗ ಮೂವರ ಮೊಬೈಲೂ ರಾತ್ರಿ ಬಾಗಿಲ ಹತ್ತಿರದ ಪ್ಲಗ್ಗಿನಲ್ಲಿ ಇರುತ್ತವಂತೆ. ಮೊದಲ ವಾರ ಕೈ ಚಡಪಡಿಸುತ್ತಿತ್ತು ಎಂದ. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಟ್ಟುಬಂದಿದ್ದೆ. ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೋದ ವಾರ ಅವನೇ ಫೋನ್ ಮಾಡಿದ. ಆ ನಂಬರಿಗೆ ಕರೆ ಮಾಡಿ ಅರ್ಧ ತಾಸು ಮಾತಾಡಿದನಂತೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಯುಗಾದಿಗೆ ಗದಗಿಗೆ ಹೋದಾಗ ಹೇಳುತ್ತಾನಂತೆ. ಆ ಹೊತ್ತಿಗೆ ನಾನು ಫೋನಿನಲ್ಲಿ ಇರಬೇಕಂತೆ. ಇರುತ್ತೇನೆ ಎಂದಿದ್ದೇನೆ.