ಗುದ್ದಪ್ಪನವರೂ ಮೂರು ಗನ್ನುಗಳೂ

ರಾತ್ರಿ ಬೆಳ್ಳಗಿದ್ದ ಹಳೇ ಡಬ್ಬ ಕಂಪ್ಯೂಟರ್ ಮಾನಿಟರಿನ ಪರದೆ ಬೆಳಗ್ಗೆ ನೋಡಿದರೆ ಬಲಮೂಲೆಗೆ ಇಂಕು ಚೆಲ್ಲಿಕೊಂಡು ಕೂತಿದೆ. ಅಂಗೈಯಗಲದ ನೇರಳೆ ಮಚ್ಚೆ, ಅದರ ಅಂಚಿಗೆ ಪಾಚಿ ಹಸಿರು. ಬಟ್ಟೆಯಲ್ಲಿ ಉಜ್ಜಿದರೂ ಹೋಗುವುದಿಲ್ಲ, ಆಫ್ ಮಾಡಿ ಆನ್ ಮಾಡಿದರೂ ಅಲ್ಲೇ. ‘ವೈರಸ್ಸು’ ಅಂತ ಒಬ್ಬರು, ‘ಪಿಕ್ಚರ್ ಟ್ಯೂಬ್ ಹೋಯ್ತು ಬಿಡಿ’ ಅಂತ ಇನ್ನೊಬ್ಬರು. ನಿನ್ನೆ ಸಂಜೆ ತಾನೇ ಮಾನಿಟರಿಗೆ ಭುಜ ತಾಗಿಸಿಕೊಂಡು ಬಂದು ಕೂತ ಸ್ಪೀಕರಿನ ಕಡೆ ಮಾತ್ರ ಯಾರೂ ಬೆರಳು ತೋರಿಸುವುದಿಲ್ಲ.

ಅಷ್ಟರಲ್ಲಿ ಗುದ್ದಪ್ಪನವರು ಬರುತ್ತಾರೆ. ಹೆಸರು ಬೇರೆ ಇರಬಹುದು, ಆದರೆ ಡಬ್ಬ ಮಾನಿಟರ್ ಇದ್ದ ಕಡೆಯೆಲ್ಲ ಇವರೊಬ್ಬರು ಇದ್ದೇ ಇರುತ್ತಾರೆ. ಮಾತಿಲ್ಲ ಕತೆಯಿಲ್ಲ, ತೋಳು ಮಡಚಿ, ಮಾನಿಟರಿನ ಕಪಾಳಕ್ಕೆ ಎರಡು. ಆಮೇಲೆ ನೆತ್ತಿಗೊಂದು. ಪರದೆ ನಡುಗುತ್ತದೆ, ಮಚ್ಚೆಯೂ ನಡುಗಿ ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಅವರು ಗುದ್ದುತ್ತಿರುವ ಡಬ್ಬದೊಳಗೆ ನಡೆಯುತ್ತಿರುವ ಕುಸುರಿ ಕೆಲಸ ನೋಡಿದರೆ ಹೊಟ್ಟೆ ಉರಿಯುತ್ತದೆ. ಪಿಕ್ಚರ್ ಟ್ಯೂಬಿನ ಹಿಂಬದಿಯ ಸಪೂರ ಕತ್ತಿನಲ್ಲಿ ಮೂರು ಎಲೆಕ್ಟ್ರಾನ್ ಗನ್ನುಗಳಿವೆ: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಕೆಂಪು ಗನ್ನಿನಿಂದ ಕೆಂಪು ಕಿರಣ ಹೊರಡುತ್ತದೆ ಅಂದುಕೊಂಡವರೇ ಹೆಚ್ಚು. ಎಲೆಕ್ಟ್ರಾನಿಗೆ ಬಣ್ಣವೆಲ್ಲಿಯದು? ಮೂರರಿಂದಲೂ ಬರುವುದು ಒಂದೇ ಸರಕು. ಸುಮಾರು 25,000 ವೋಲ್ಟಿನ ಸೆಳೆತಕ್ಕೆ ಸಿಕ್ಕಿ, ಬೆಳಕಿನ ವೇಗದ ಮೂರನೇ ಒಂದು ಪಾಲಿಗೆ ಹತ್ತಿರದ ವೇಗದಲ್ಲಿ ಗಾಜಿನ ಕಡೆ ನುಗ್ಗುತ್ತದೆ. ಬಣ್ಣ ಇರುವುದು ಗಾಜಿನ ಒಳಮೈಗೆ ಬಳಿದ, ಎಲೆಕ್ಟ್ರಾನು ಬಡಿದರೆ ಹೊಳೆಯುವ ಫಾಸ್ಫರ್ ಚುಕ್ಕಿಗಳಲ್ಲಿ. ಬೆಳ್ಳಿಯ ಸೋಂಕಿರುವ ಸತುವಿನ ಸಲ್ಫೈಡ್ ನೀಲಿಯಾಗಿ ಹೊಳೆಯುತ್ತದೆ, ತಾಮ್ರದ ಸೋಂಕಿದ್ದರೆ ಹಸಿರಾಗಿ. ಕೆಂಪಿಗೆ ಯೂರೋಪಿಯಂ ಬೇಕು.

ಹಾಗಾದರೆ ಕೆಂಪು ಗನ್ನಿನ ಎಲೆಕ್ಟ್ರಾನು ಕೆಂಪು ಚುಕ್ಕಿಗೇ ಹೋಗಿ ಬೀಳುವುದು ಹೇಗೆ? ಗಾಜಿನ ಹಿಂದೆ ಸ್ವಲ್ಪ ಅಂತರ ಬಿಟ್ಟು ಒಂದು ತೆಳು ಉಕ್ಕಿನ ಜರಡಿ ಇದೆ, ಶ್ಯಾಡೋ ಮಾಸ್ಕ್. ಅದಕ್ಕೆ ಲಕ್ಷಗಟ್ಟಲೆ ತೂತು. ಬಾಗಿಲ ಕೀಲಿ ತೂತಿನಲ್ಲಿ ಮೂವರು ಮೂರು ಕಡೆ ನಿಂತು ಇಣುಕಿದರೆ ಒಬ್ಬೊಬ್ಬರಿಗೆ ಕೋಣೆಯ ಒಂದೊಂದು ಮೂಲೆ ಕಾಣುತ್ತದಲ್ಲ, ಹಾಗೆ. ತೂತು ಒಂದೇ, ಬರುವ ಕೋನ ಬೇರೆ, ಬೀಳುವ ಚುಕ್ಕಿ ಬೇರೆ. ದಾರಿತಪ್ಪಿದವರನ್ನು ತಡೆಯುವ ಈ ಕೆಲಸದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಎಲೆಕ್ಟ್ರಾನುಗಳನ್ನು ಜರಡಿಯೇ ನುಂಗಿ ಬಿಸಿಯಾಗುತ್ತದೆ. ಸಾಮಾನ್ಯ ಮಾನಿಟರಿನಲ್ಲಿ ಒಂದು ಕೆಂಪು ಚುಕ್ಕಿಯಿಂದ ಮುಂದಿನ ಕೆಂಪು ಚುಕ್ಕಿಗೆ 0.28 ಮಿಲಿಮೀಟರ್. ಕಿರಣ ಒಂದು ಕೂದಲೆಳೆ ಜರುಗಿದರೆ ಸಾಕು, ಕೆಂಪಿನ ಮನೆಗೆ ಬರೆದ ಕಾಗದ ನೀಲಿಯ ಮನೆಗೆ ಬಟವಾಡೆ.

ಆ ಕೂದಲೆಳೆಯನ್ನು ಜರುಗಿಸಿದ್ದೇ ಸ್ಪೀಕರಿನ ಅಯಸ್ಕಾಂತ. ಸ್ಪೀಕರನ್ನು ದೂರ ಒಯ್ದರೂ ಮಚ್ಚೆ ಹೋಗದಿರುವುದಕ್ಕೆ ಕಾರಣ, ಜರಡಿ ಉಕ್ಕಿನದು. ಒಂದು ರಾತ್ರಿಯ ಸಹವಾಸಕ್ಕೆ ಅದೂ ಅಯಸ್ಕಾಂತವಾಗಿಬಿಟ್ಟಿದೆ. ಇದಕ್ಕೆ ಮದ್ದು ಡಿಗಾಸ್, ಅಂದರೆ ಜರಡಿಗೆ ಅಂಟಿದ ಅಯಸ್ಕಾಂತದ ಗುಣವನ್ನು ಅಳಿಸುವುದು. ಮೆನುವಿನಲ್ಲಿ ಹುಡುಕಿ ಒತ್ತಿದರೆ ಟ್ಯೂಬಿನ ಸುತ್ತಲಿನ ಸುರುಳಿಯಲ್ಲಿ ಎಸಿ ಕರೆಂಟು ಒಮ್ಮೆಲೇ ಜೋರಾಗಿ ಹರಿದು, ಒಂದೆರಡು ಸೆಕೆಂಡಿನಲ್ಲಿ ಸಣ್ಣಗಾಗಿ ಆರುತ್ತದೆ. ‘ಢಂಯ್’ ಅಂತ ಸದ್ದು, ಚಿತ್ರವೆಲ್ಲ ನೀರಿನಲ್ಲಿ ಅಲುಗಿದ ಹಾಗೆ. ಆ ಸದ್ದಿನ ಆಸೆಗೆ ಮೇಲಿಂದ ಮೇಲೆ ಒತ್ತುವವರಿದ್ದಾರೆ, ಪ್ರಯೋಜನವಿಲ್ಲ. ಬಿಸಿಯಾದಷ್ಟೂ ಕರೆಂಟನ್ನು ತಗ್ಗಿಸುವ ಥರ್ಮಿಸ್ಟರ್ ಆಗಲೇ ಬಿಸಿಯಾಗಿರುತ್ತದೆ, ಅದು ಆರಲು ಇಪ್ಪತ್ತು ನಿಮಿಷವಾದರೂ ಬಿಡಬೇಕು. ಅದಕ್ಕೂ ಬಗ್ಗದ ಮಚ್ಚೆಗೆ ಕೈಯಲ್ಲಿ ಹಿಡಿಯುವ ಡಿಗಾಸ್ ಕಾಯಿಲ್ ಇದೆ: ಪರದೆಯ ಮುಂದೆ ನಿಧಾನಕ್ಕೆ ಸುತ್ತು ಹಾಕುತ್ತಾ ಎರಡು ಮೀಟರ್ ಹಿಂದೆ ಸರಿದು, ಆಮೇಲೆ ಸ್ವಿಚ್ ಬಿಡಬೇಕು. ಪರದೆಯ ಹತ್ತಿರವೇ ಬಿಟ್ಟರೆ ಮಚ್ಚೆಯಿದ್ದ ಮೂಲೆಯ ಜೊತೆಗೆ ಉಳಿದ ಮೂರೂ ಮೂಲೆ ಸೇರಿಕೊಳ್ಳುತ್ತವೆ.

ಇಷ್ಟಾದರೂ ಗುದ್ದಪ್ಪನವರನ್ನು ಪೂರ್ತಿ ಅಲ್ಲಗಳೆಯುವ ಹಾಗಿಲ್ಲ, ಅದೇ ಸಂಕಟ. ಕೆಲವು ಸಲ ಅವರ ಏಟು ಫಲಿಸುತ್ತದೆ, ಮಚ್ಚೆಗಲ್ಲ, ಬೇರೆ ಕಾಯಿಲೆಗೆ. ಇಡೀ ಪರದೆ ಹಳದಿಗೆ ತಿರುಗಿದರೆ ನೀಲಿ ಬರುತ್ತಿಲ್ಲ, ಗುಲಾಬಿ-ನೇರಳೆಗೆ ತಿರುಗಿದರೆ ಹಸಿರು ಬರುತ್ತಿಲ್ಲ, ನೀಲಿ-ಹಸಿರಾದರೆ ಕೆಂಪು. ಮೊದಲು ನೋಡಬೇಕಾದದ್ದು ಕಂಪ್ಯೂಟರಿನಿಂದ ಮಾನಿಟರಿಗೆ ಚಿತ್ರ ತರುವ ವಿಜಿಎ ಕೇಬಲ್ಲು: 15 ಪಿನ್ನುಗಳಲ್ಲಿ 1, 2, 3 ಕ್ರಮವಾಗಿ ಕೆಂಪು, ಹಸಿರು, ನೀಲಿ. ಒಂದು ಪಿನ್ನು ಬಾಗಿದ್ದರೂ ಆ ಬಣ್ಣಕ್ಕೆ ಎಳ್ಳುನೀರು. ಪಿನ್ನು ಸರಿಯಿದ್ದರೆ ಟ್ಯೂಬಿನ ಕತ್ತಿಗೆ ಸಿಕ್ಕಿಸಿದ ಬೋರ್ಡಿನಲ್ಲಿ ಬೆಸುಗೆ ಬಿರುಕು ಬಿಟ್ಟಿರಬಹುದು. ಗುದ್ದಿದಾಗ ಆ ಬಿರುಕು ಒಂದು ಗಳಿಗೆ ಕೂಡಿಕೊಂಡು ಬಣ್ಣ ವಾಪಸು ಬರುತ್ತದೆ, ಗುದ್ದಪ್ಪನವರು ಕೈ ಒರೆಸಿಕೊಂಡು ಸುತ್ತ ನೋಡುತ್ತಾರೆ. ಪ್ರತಿ ಏಟಿಗೂ ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ, ಮುಂದಿನ ಸಲ ಎರಡರ ಬದಲು ನಾಲ್ಕು ಬೇಕಾಗುತ್ತದೆ. ಬೇಕಾಗಿರುವುದು ಬೆಸುಗೆ, ಅದೂ ಬಲ್ಲವರ ಕೈಯಲ್ಲಿ. ಪ್ಲಗ್ ಕಿತ್ತ ಮೇಲೂ ಟ್ಯೂಬು ಸಾವಿರಾರು ವೋಲ್ಟನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತದೆ. ಮುಚ್ಚಳ ತೆಗೆದು ಒಳಗೆ ಗುದ್ದುವ ಯೋಚನೆ ಅವರಿಗೆ ಇನ್ನೂ ಬಂದಿಲ್ಲ ಅನ್ನುವುದೊಂದೇ ಸಮಾಧಾನ.

ಸಿಟ್ಟೇನೋ ಸಿಟ್ಟೇ. ಆದರೂ ದೀಪ ಆರಿಸಿದ ಕೋಣೆಯಲ್ಲಿ ಆ ಪರದೆಯ ಕಪ್ಪು ನಿಜವಾದ ಕಪ್ಪು. ಎಲೆಕ್ಟ್ರಾನು ಬೀಳದ ಕಡೆ ಬೆಳಕೇ ಇಲ್ಲ. ಗಾಜಿನ ಹತ್ತಿರ ತೋಳು ಒಯ್ದರೆ ರೋಮ ಎದ್ದು ನಿಲ್ಲುತ್ತಿತ್ತು, ಚಟಪಟ ಸದ್ದು ಬೇರೆ. ಈಗಿನ ಚಪ್ಪಟೆ ಪರದೆ ಮುಟ್ಟಿದರೆ ಬೆರಳಚ್ಚು ಬಿಟ್ಟು ಬೇರೇನೂ ಆಗುವುದಿಲ್ಲ.

ಇರಲಿ. ಡಿಗಾಸ್ ಆಯಿತು, ಢಂಯ್ ಅಂದಿತು, ಮೂಲೆ ಬೆಳ್ಳಗಾಯಿತು. ‘ನಾನು ಆಗ ಕೊಟ್ಟೆನಲ್ಲ, ಅದು ಈಗ ಹಿಡೀತು ನೋಡಿ’ ಅನ್ನುತ್ತಾರೆ ಗುದ್ದಪ್ಪನವರು. ಸ್ಪೀಕರನ್ನು ಕನಿಷ್ಠ ಒಂದು ಮೊಳ ದೂರ ಇಡಬೇಕು ಸಾರ್ ಅಂದರೆ, ಅದನ್ನು ಎತ್ತಿಕೊಂಡು ಮೇಜಿನ ಮೇಲೆಲ್ಲ ಕಣ್ಣಾಡಿಸಿ ಕೇಳುತ್ತಾರೆ: ‘ದೂರ ಯಾಕೆ, ಮಾನಿಟರಿನ ತಲೆ ಮೇಲೆ ಇಷ್ಟು ಜಾಗ ಖಾಲಿ ಬಿದ್ದಿದೆಯಲ್ಲ?’